ಮೊದಲು ಲಿಫ್ಟಿನವರ ಹತ್ತಿರ ಹೋಗು

ಲಿಫ್ಟ್ ಕಂಪನಿಯಲ್ಲಿ ಅವಳನ್ನು ಎಲ್ಲರೂ ಫೋನಕ್ಕ ಅಂತಲೇ ಕರೆಯುತ್ತಿದ್ದರು. ಮೆಕ್ಯಾನಿಕ್ಕುಗಳು ಇಟ್ಟ ಹೆಸರು ಅದು. ಯಾವುದೋ ಕಟ್ಟಡದಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟರೆ ಒಳಗೆ ಸಿಕ್ಕಿಕೊಂಡವರು ಗಾಬರಿಯಲ್ಲಿ ಒಂದು ಗುಂಡಿ ಒತ್ತುತ್ತಾರಲ್ಲ, ಆಗ ಮಾತಿಗೆ ಸಿಗುತ್ತಿದ್ದವಳು ಇವಳು. ಮೆಕ್ಯಾನಿಕ್ ಹೋಗಿ ಬಾಗಿಲು ತೆಗೆಯುವ ತನಕ ಅವರನ್ನು ಮಾತಾಡಿಸುತ್ತಿರಬೇಕು. ಹೇಳುವುದಕ್ಕೆ ಅಷ್ಟೇ ಕೆಲಸ. ಆದರೆ ಕತ್ತಲ ಡಬ್ಬಿಯಲ್ಲಿ ನಿಂತು ಜೀವ ಬಾಯಿಗೆ ಬಂದವರನ್ನು ಬರೀ ಮಾತಿನಲ್ಲಿ ಹಿಡಿದು ನಿಲ್ಲಿಸುವುದು ಹುಡುಗಾಟವಲ್ಲ. ಕೆಲವರು ಅಳುತ್ತಾರೆ. ಕೆಲವರು ಲಿಫ್ಟನ್ನು ಅವಳೇ ಕೈಯಾರೆ ಕೆಡಿಸಿದ ಹಾಗೆ ಬಯ್ಯುತ್ತಾರೆ. ಒಬ್ಬಾತ ಹೆಂಡತಿಯ ಹತ್ತಿರ ಕೇಳಬೇಕಾದ ಕ್ಷಮೆಯನ್ನೆಲ್ಲ ಇವಳ ಹತ್ತಿರವೇ ಕೇಳಿ ಮುಗಿಸಿದ್ದ.

ಕೆಲಸದಲ್ಲಿ ಇಷ್ಟು ಮಾತಾಡುವವಳಿಗೆ ಮನೆಯಲ್ಲಿ ಮಾತಿಗೊಂದು ಜನ ಇರಲಿಲ್ಲ. ತಾಯಿ ಇದ್ದಷ್ಟು ಕಾಲ ಇಬ್ಬರಿಗೆ ಇಬ್ಬರೇ ಸಾಕಾಗಿದ್ದರು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವುದರಲ್ಲಿ ಮದುವೆಯ ಮಾತು ಯಾವಾಗ ಬಂತು, ಯಾವಾಗ ಹೋಯಿತು ಅನ್ನುವುದೇ ಅವಳ ಗಮನಕ್ಕೆ ಬಂದಿರಲಿಲ್ಲ. ಹೋದ ವರ್ಷ ತಾಯಿ ತೀರಿಕೊಂಡರು. ಮೂರನೇ ಮಹಡಿಯ ಎರಡು ಕೋಣೆ ಉಳಿದವು. ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅಂತ ಮೆಕ್ಯಾನಿಕ್ಕುಗಳು ಛೇಡಿಸುತ್ತಿದ್ದರು, ಅವಳೂ ನಗುತ್ತಿದ್ದಳು. ಶನಿವಾರ ಸಂಜೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಸೋಮವಾರ ಬೆಳಿಗ್ಗೆ ಆಫೀಸಿಗೆ ಬರುವ ತನಕ ಅವಳ ಗಂಟಲಿಗೆ ಕೆಲಸವಿರುತ್ತಿರಲಿಲ್ಲ. ಹಾಗಾಗಿ ಸೋಮವಾರದ ಮೊದಲ 'ಹಲೋ' ಯಾವಾಗಲೂ ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಒಂದೆರಡು ಸಲ ಕೆಮ್ಮಿ ಸರಿಮಾಡಿಕೊಳ್ಳುವಳು.

ಇಂಥವಳನ್ನು ಕಾಲೇಜಿನ ಉದ್ಯೋಗ ಮೇಳಕ್ಕೆ ಕಳಿಸಬೇಕಾಗಿ ಬಂದದ್ದು ಆಕಸ್ಮಿಕ. ಪ್ರತಿ ವರ್ಷ ಹೋಗುತ್ತಿದ್ದ ಮ್ಯಾನೇಜರು ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡು ಮನೆ ಹಿಡಿದಿದ್ದರು. ಮಾಲೀಕರು ಇವಳನ್ನು ಕರೆದರು.

"ಇಬ್ಬರು ಹೊಸ ಎಂಜಿನಿಯರುಗಳು ಬೇಕು ನಮಗೆ. ನೀನೇ ಹೋಗಿ ಬಾರಮ್ಮ. ಮಾತಾಡೋದು ತಾನೆ, ನಿನಗದು ನೀರು ಕುಡಿದಷ್ಟು ಸುಲಭ."

"ನನಗೆ ಮುಖ ನೋಡಿ ಮಾತಾಡಿ ಅಭ್ಯಾಸ ಇಲ್ಲ ಸಾರ್."

"ಮುಖ ನೋಡದೆ ಇಷ್ಟು ಚೆನ್ನಾಗಿ ಮಾತಾಡೋಳು, ಮುಖ ನೋಡಿದ್ರೆ ಇನ್ನೂ ಚೆನ್ನಾಗಿ ಮಾತಾಡ್ತೀಯ," ಅಂದರು ಮಾಲೀಕರು. ಅವರ ಲೆಕ್ಕ ಯಾವಾಗಲೂ ಹೀಗೇ ಸಲೀಸು.

ಹಿಂದಿನ ದಿನ ಅವಳು ತಲೆಸ್ನಾನ ಮಾಡಿದಳು, ಇದ್ದುದರಲ್ಲಿ ಒಳ್ಳೆಯ ಸೀರೆಗೆ ಇಸ್ತ್ರಿ ಹಾಕಿದಳು. ಕನ್ನಡಿಯ ಮುಂದೆ ನಿಂತು "ನಮ್ಮ ಕಂಪನಿ ಇಪ್ಪತ್ತು ವರ್ಷದಿಂದ..." ಅಂತ ಶುರುಮಾಡಿದಳು. ಕನ್ನಡಿಯೊಳಗಿನ ಹೆಂಗಸು ಅವಳನ್ನೇ ಪಿಳಿಪಿಳಿ ನೋಡಿದಳು. ಮಾತು ಮುಂದೆ ಹೋಗಲಿಲ್ಲ. ಹೋಗಲಿ, ಅಲ್ಲಿ ಹೋದ ಮೇಲೆ ಬರುತ್ತದೆ ಅಂದುಕೊಂಡು ದೀಪ ಆರಿಸಿದಳು.

ಮೇಳ ನಡೆದದ್ದು ಕಾಲೇಜಿನ ಒಳಾಂಗಣ ಆಟದ ಹಾಲಿನಲ್ಲಿ. ಸಾಲಾಗಿ ಮೇಜು, ಮೇಜಿನ ಹಿಂದೆ ಬ್ಯಾನರು, ಬ್ಯಾನರಿನ ಮುಂದೆ ಕೋಟು ಹಾಕಿದವರು. ಅವಳ ಮೇಜನ್ನು ಬ್ಯಾಸ್ಕೆಟ್‌ಬಾಲ್ ರಿಂಗಿನ ಕೆಳಗೆ, ದಪ್ಪ ಕಂಬವೊಂದರ ಮರೆಯಲ್ಲಿ, ಬಚ್ಚಲಿಗೆ ಹೋಗುವ ಬಾಗಿಲಿನ ಪಕ್ಕ ಹಾಕಿದ್ದರು. ಬ್ಯಾನರು ಹಳೆಯದು. ಫೋನ್ ನಂಬರು ಬದಲಾಗಿದ್ದರಿಂದ ಅದರ ಮೇಲೆ ಕಾಗದ ಅಂಟಿಸಿದ್ದರು, ಅದರ ಒಂದು ಮೂಲೆ ಆಗಲೇ ಎದ್ದು ಫ್ಯಾನಿನ ಗಾಳಿಗೆ ಪಟಪಟ ಅನ್ನುತ್ತಿತ್ತು. ಮೇಜಿನ ಮೇಲೆ ಕಂಪನಿಯ ಕರಪತ್ರಗಳನ್ನು ಬೀಸಣಿಗೆಯ ಹಾಗೆ ಜೋಡಿಸಿಟ್ಟಳು. ಮನೆಯಿಂದ ತಂದ ಗಾಜಿನ ಬಟ್ಟಲಲ್ಲಿ ಪೆಪ್ಪರ್‌ಮಿಂಟು ತುಂಬಿ ಇಟ್ಟಳು. ಕೂತಳು.

ಪಕ್ಕದಲ್ಲಿ ಬಿಸ್ಕತ್ತು ಕಂಪನಿಯವರು. ಬಂದವರಿಗೆಲ್ಲ ಒಂದೊಂದು ಪೊಟ್ಟಣ ಕೊಡುತ್ತಿದ್ದರು. ಅಲ್ಲಿಯ ಸಾಲು ಬೆಳೆದು ಬೆಳೆದು ಇವಳ ಮೇಜಿನ ಮುಂದೆಯೇ ಹಾದುಹೋಯಿತು. ಹುಡುಗರು ಇವಳ ಮೇಜಿಗೆ ಒರಗಿ ನಿಂತರು, ಒಬ್ಬ ತನ್ನ ಚೀಲವನ್ನು ಕರಪತ್ರಗಳ ಮೇಲೆ ಇಟ್ಟು ಕ್ರಾಪು ಸರಿಮಾಡಿಕೊಂಡ. ಅವಳನ್ನು ಮಾತಾಡಿಸಿದವರೆಲ್ಲ ಕೇಳಿದ್ದು ಒಂದೇ: "ಮೇಡಂ, ಟಾಯ್ಲೆಟ್ ಎಲ್ಲಿ?" ಅವಳು ಬಾಗಿಲು ತೋರಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಕೇಳುವ ಮೊದಲೇ ತೋರಿಸತೊಡಗಿದಳು.

ವೇದಿಕೆಯ ಮೇಲೆ ಉದ್ಯೋಗ ವಿಭಾಗದ ಮೇಷ್ಟರು. ಸಿಕ್ಕ ಮೈಕನ್ನು ಕೈಬಿಡದ ಮನುಷ್ಯ, ಅದಕ್ಕೇ ಮಕ್ಕಳು ಮೈಕ್ ಸರ್ ಅನ್ನುತ್ತಿದ್ದರು. "ನಗುಮುಖ ಇರಲಿ. ಬೆನ್ನು ನೆಟ್ಟಗಿರಲಿ. ಬಿಸ್ಕತ್ತು ತಿಂದ ಬಾಯಲ್ಲಿ ಮಾತಾಡಬೇಡಿ," ಅಂತ ಹಾಲಿನ ತುಂಬ ಅವರದೇ ದನಿ.

ಮೊದಲನೆಯವನು ಬಂದಾಗ ಅವಳು ಸೆರಗು ಸರಿಮಾಡಿಕೊಂಡಳು. ಟೈ ಕಟ್ಟಿದ ಹುಡುಗ, ಬೂಟು ಮಿಂಚುತ್ತಿತ್ತು. ಕೈ ಕುಲುಕಿದ. ಹೆಸರು, ಓದು, ಬಲ, ದೌರ್ಬಲ್ಯ, ಐದು ವರ್ಷದಲ್ಲಿ ಎಲ್ಲಿರಬೇಕು ಅಂತಿದ್ದಾನೆ ಅನ್ನುವುದು, ಎಲ್ಲವನ್ನೂ ಗಿಳಿಪಾಠ ಒಪ್ಪಿಸಿ ಬಯೋಡೇಟಾ ಕೈಗಿತ್ತ. ಅವಳು ಎರಡು ಕೈಯಲ್ಲಿ ತೆಗೆದುಕೊಂಡಳು.

"ತುಂಬಾ ಚೆನ್ನಾಗಿ ಹೇಳಿದೆ ಕಣಪ್ಪ. ಲಿಫ್ಟಿನ ಕೆಲಸ ಅಂದ್ರೆ..."

"ಮೇಡಂ, ಸಾರಿ," ಅಂತ ಹುಡುಗ ಮೆಲ್ಲಗೆ ಆ ಹಾಳೆಯನ್ನು ಅವಳ ಬೆರಳುಗಳಿಂದ ಎಳೆದುಕೊಂಡ. "ಕಾಪಿ ಕಮ್ಮಿ ಇದೆ." ಬ್ಯಾಂಕಿನವರ ಸಾಲಿಗೆ ಓಡಿದ.

ಎರಡನೆಯವಳೂ ಹಾಗೇ. ಮೂರನೆಯವನು ಮಾತು ಮುಗಿಸಿ, "ಹೇಗಿತ್ತು ಮೇಡಂ?" ಅಂತ ಕೇಳಿದ. ಅವಳಿಗೆ ಅರ್ಥವಾಗಲಿಲ್ಲ. "ಏನು ಹೇಗಿತ್ತು?" ಅಂದಳು. "ಏನಿಲ್ಲ, ಥ್ಯಾಂಕ್ಸ್," ಅಂತ ಅವನೂ ಹೋದ. ಬೆಳಗಿನಿಂದ ಒಂದೂ ಬಯೋಡೇಟಾ ಅವಳ ಮೇಜಿನ ಮೇಲೆ ಉಳಿದಿರಲಿಲ್ಲ. ಪೆಪ್ಪರ್‌ಮಿಂಟು ಮಾತ್ರ ಖರ್ಚಾಗುತ್ತಿತ್ತು.

ಅರ್ಥವಾದದ್ದು ಕಂಬದ ಆಚೆ ಇಬ್ಬರು ಹುಡುಗಿಯರು ಮಾತಾಡಿಕೊಂಡಾಗ.

"ನನಗೆ ಕೈಕಾಲು ನಡುಗ್ತಿದೆ ಕಣೇ. ಬ್ಯಾಂಕಿನೋರ ಹತ್ರ ಹೋಗಿ ತೊದಲಿದ್ರೆ ಮುಗೀತು ಕತೆ."

"ಮೈಕ್ ಸರ್ ಏನು ಹೇಳಿದ್ರು? ನಿಮಗೆ ಬೇಡದ ಕಂಪನಿ ಒಂದನ್ನು ನೋಡ್ಕೊಳ್ಳಿ, ಮೊದಲು ಅಲ್ಲಿಗೆ ಹೋಗಿ ನಡುಕ ಬಿಟ್ಟು ಬನ್ನಿ ಅಂತ ತಾನೆ? ಮೊದಲು ಲಿಫ್ಟಿನವರ ಹತ್ತಿರ ಹೋಗು. ಎಲ್ಲರೂ ಅಲ್ಲೇ ಹೋಗಿ ಬಾಯಿ ತೊಳ್ಕೊಂಡು ಬರ್ತಿದಾರೆ. ತಪ್ಪಿದ್ರೂ ನಷ್ಟ ಇಲ್ಲ. ಪಾಪ, ಆ ಆಂಟಿ ಒಳ್ಳೆಯವರು."

ಬೇಡದ ಕಂಪನಿ ಅಂದದ್ದು ಅವಳಿಗೆ ಅಷ್ಟು ನಾಟಲಿಲ್ಲ. ಲಿಫ್ಟು ಯಾರಿಗೆ ತಾನೆ ಬೇಕು, ಮೆಟ್ಟಿಲು ಹತ್ತಲಾರದವರಿಗೆ ಬಿಟ್ಟು. ನಾಟಿದ್ದು 'ಪಾಪ'. ಎದ್ದು ಬೆಳಗಿನಿಂದ ಊರಿಗೆಲ್ಲ ತೋರಿಸಿದ್ದ ಬಾಗಿಲಿನೊಳಗೆ ತಾನೇ ಹೋದಳು, ಮುಖಕ್ಕೆ ನೀರು ಹಾಕಿಕೊಂಡಳು. ಬ್ಯಾನರು ಸುತ್ತಿ, ತಲೆನೋವು ಅಂತ ಹೇಳಿ ಹೊರಟುಬಿಡುವುದು ಅಂತ ತೀರ್ಮಾನಿಸಿದಳು. ಬಂದ ದಾರಿಗೆ ಸುಂಕವಿಲ್ಲ. ಮಾಲೀಕರು ಏನೂ ಅನ್ನುವುದಿಲ್ಲ.

ಹೊರಗೆ ಬಂದರೆ ಮೇಜಿನ ಮುಂದೆ ಒಬ್ಬ ಉದ್ದನೆಯ ಹುಡುಗ ನಿಂತಿದ್ದ. ತಲೆ ಇನ್ನೇನು ಬಾಗಿಲ ಚೌಕಟ್ಟಿಗೆ ತಾಗಬೇಕು, ಅಷ್ಟು ಎತ್ತರ. ಶರಟಿನ ತೋಳು ಮಣಿಕಟ್ಟು ಮುಟ್ಟಿರಲಿಲ್ಲ. ಕೈಯಲ್ಲಿದ್ದ ಕಾಗದ ಬೆವರಿಗೆ ಮೆತ್ತಗಾಗಿತ್ತು.

"ಗುಡ್ ಮಾರ್ನಿಂಗ್ ಮೇಡಂ," ಅಂದ. ಆಗ ಮಧ್ಯಾಹ್ನ ದಾಟಿತ್ತು. "ಮೈಸೆಲ್ಫ್... ಮೈಸೆಲ್ಫ್..."

ಮುಂದಕ್ಕೆ ಬರಲಿಲ್ಲ. ಬಾಯಿ ತೆರೆದಿದೆ, ಉಸಿರು ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ. ಆ ಉಸಿರಿನ ಸದ್ದನ್ನು ಫೋನಕ್ಕ ದಿನಾ ಕೇಳುವವಳು. ಎಲ್ಲ ಕಡೆಯಿಂದ ಗೋಡೆ ಒತ್ತಿಕೊಂಡು ಬರುತ್ತಿದೆ ಅನ್ನಿಸಿದವರು ಹಾಗೆ ಉಸಿರೆಳೆಯುತ್ತಾರೆ. ಅವಳಿಗೆ ಬ್ಯಾನರು ಸುತ್ತುವುದು ಮರೆತುಹೋಯಿತು.

"ಕೂತ್ಕೊ," ಅಂದಳು. ತನ್ನ ಕುರ್ಚಿಯನ್ನು ಅರ್ಧ ತಿರುಗಿಸಿ ಅವನಿಗೆ ಪಕ್ಕ ಕೊಟ್ಟು ಕೂತಳು. "ನೀನು ನನ್ನ ಮುಖ ನೋಡ್ಬೇಡ, ನಾನೂ ನೋಡಲ್ಲ. ನಾನು ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ. ಆತುರ ಏನಿಲ್ಲ. ನಿನ್ನ ಎದುರಿಗೆ ಏನು ಕಾಣ್ತಿದೆ ಹೇಳು."

ಬಹಳ ಹೊತ್ತಾದ ಮೇಲೆ ದನಿ ಬಂತು. "ಬ್ಯಾಸ್ಕೆಟ್‌ಬಾಲ್ ರಿಂಗು."

"ಆಡ್ತೀಯ?"

"ಎತ್ತರ ಇದೀನಿ ಅಂತ ಸೇರಿಸ್ಕೊಳ್ತಾರೆ ಮೇಡಂ. ಆಡಿದ ಮೇಲೆ ತೆಗೀತಾರೆ."

ಅವಳಿಗೆ ನಗು ಬಂತು. ಅವನಿಗೂ ಬಂತು. ನಕ್ಕ ಮೇಲೆ ಉಸಿರು ತನ್ನ ಪಾಡಿಗೆ ತಾನು ಓಡಾಡತೊಡಗಿತು.

"ಓದೋದು ಬಿಟ್ಟು ಇಲ್ಲಿ ಏನು ಮಾಡ್ದೆ? ನೀನೇ ಕೈಯಾರೆ ಮಾಡಿದ್ದು ಏನಾದ್ರೂ?"

"ಹಾಸ್ಟೆಲಿನ ನೀರಿನ ಟ್ಯಾಂಕು ದಿನಾ ತುಂಬಿ ಚೆಲ್ತಿತ್ತು. ತುಂಬಿದ ಕೂಡಲೇ ಪಂಪು ನಿಲ್ಲೋ ಹಾಗೆ ಒಂದು ಸ್ವಿಚ್ಚು ಮಾಡ್ದೆ. ಮೊದಲ ಸಲ ಉಲ್ಟಾ ಆಗಿ ಎಲ್ಲರೂ ಸೋಪು ಹಚ್ಕೊಂಡು ನಿಂತಿದ್ದಾಗ ನೀರು ನಿಂತೋಯ್ತು. ಹೊಡೆಯೋಕೇ ಬಂದ್ರು. ಎರಡನೇ ಸಲ ಸರಿಯಾಯ್ತು."

"ಇದನ್ನೇ ಹೇಳು. ಸೋಪಿನ ಕತೆ ಸಮೇತ. ಹಾರ್ಡ್ ವರ್ಕಿಂಗ್ ಅಂತ ಎಲ್ಲರೂ ಹೇಳ್ಕೊಳ್ತಾರೆ, ಟ್ಯಾಂಕು ನಿನಗೆ ಮಾತ್ರ ಇದೆ."

ಹುಡುಗ ಅಲ್ಲೇ ಎರಡು ಸಲ ಹೇಳಿ ನೋಡಿದ. ಎರಡನೆಯ ಸಲ ಅವನಿಗೆ ಗೊತ್ತಿಲ್ಲದೆ ಕೈ ಎತ್ತಿ ಪಂಪು ಎಲ್ಲಿತ್ತು, ಟ್ಯಾಂಕು ಎಲ್ಲಿತ್ತು ಅಂತ ತೋರಿಸುತ್ತಿದ್ದ. ಅವಳು ಆಗ ತಿರುಗಿ ಅವನ ಮುಖ ನೋಡಿದಳು. ಚೆಂದದ ಮುಖ. ಇಷ್ಟು ವರ್ಷ ತಾನು ಸಮಾಧಾನ ಮಾಡಿದವರಲ್ಲಿ ಒಬ್ಬರ ಮುಖವೂ ಕಂಡಿರಲಿಲ್ಲವಲ್ಲ ಅಂತ ಅವಳಿಗೆ ಹೊಳೆದದ್ದು ಆಗಲೇ.

ಹುಡುಗ ಹೋದ. ಹೋದವನು ಸುಮ್ಮನಿರದೆ ಗೆಳೆಯರಿಗೆ ಹೇಳಿದ. ಗೆಳೆಯರು ಗೆಳೆಯರಿಗೆ ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ಬಿಸ್ಕತ್ತಿನ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲು ಹುಟ್ಟಿಕೊಂಡಿತು.

ಒಬ್ಬೊಬ್ಬರನ್ನೂ ಕೂರಿಸಿ ಕೇಳಿದಳು. ಬಾಯಿಪಾಠ ಒಪ್ಪಿಸುವವರ ದನಿ ಬೇರೆ, ನಿಜ ಹೇಳುವವರ ದನಿ ಬೇರೆ. ಆ ವ್ಯತ್ಯಾಸ ಅವಳ ಕಿವಿಗೆ ಚೆನ್ನಾಗಿ ಗೊತ್ತು. "ಇದು ನಿಂದಲ್ಲ, ಯಾರೋ ಬರ್ಕೊಟ್ಟಿದ್ದು. ನಿಂದು ಹೇಳು," ಅನ್ನುವಳು. ಇಡೀ ಬೆಳಿಗ್ಗೆ ಬಿಸ್ಕತ್ತು ಕಂಪನಿಯವನ ಗೊಣಗಾಟ ಕಿವಿಗೆ ಬಿದ್ದಿತ್ತು: ಬಂದವರಿಗೆ ನಾವು ಏನು ಮಾಡ್ತೀವಿ ಅಂತಲೇ ಗೊತ್ತಿಲ್ಲ, ಒಬ್ಬರೂ ಒಂದು ಪ್ರಶ್ನೆ ಕೇಳಲ್ಲ, ಯಾರು ಯಾರು ಅಂತ ಸಂಜೆಗೆ ನನಗೆ ನೆನಪೂ ಇರಲ್ಲ. ಅದನ್ನೂ ಇವರಿಗೆ ದಾಟಿಸಿದಳು.

"ಎಲ್ಲಾ ಮೇಜಿಗೂ ಓಡಬೇಡ ಮಗು, ಕಾಲು ನೋವು ಬಿಟ್ಟು ಇನ್ನೇನೂ ಸಿಗಲ್ಲ. ಎರಡೋ ಮೂರೋ ಆರಿಸ್ಕೊ. ಅವರು ಏನು ಮಾಡ್ತಾರೆ ತಿಳ್ಕೊಂಡು ಹೋಗು. ನೀನೂ ಒಂದು ಪ್ರಶ್ನೆ ಕೇಳು. ಮಾತಾಡಿದೋರ ಹೆಸರು ಕೇಳ್ಕೊಂಡು ಬಾ, ನಾಳೆ ಅವರಿಗೆ ಎರಡು ಸಾಲು ಬರಿ. ಯಾರಿಗಾದ್ರೂ ಅಷ್ಟೇ, ತಾವು ನೆನಪಿದೀವಿ ಅಂದ್ರೆ ಖುಷಿ ಆಗುತ್ತೆ."

ಮೈಕ್ ಸರ್ ಮೈಕಿನ ಸಮೇತ ಬಂದರು. "ಏನಮ್ಮ, ಇಷ್ಟು ಜನ. ಏನು ಹಂಚ್ತಿದೀರಿ?"

"ಪೆಪ್ಪರ್‌ಮಿಂಟು ಸಾರ್."

ಅವರೂ ಒಂದು ಬಾಯಿಗೆ ಹಾಕಿಕೊಂಡು ಹೋದರು.

ಖುಷಿಯಾಗುತ್ತಿತ್ತು ಅವಳಿಗೆ, ಸುಳ್ಳೇಕೆ. ತಾಯಿ ಹೋದ ಮೇಲೆ ಒಂದೇ ದಿನ ಇಷ್ಟು ಮುಖ ಅವಳ ಕಡೆ ತಿರುಗಿದ್ದಿಲ್ಲ. ಆದರೆ ಒಬ್ಬೊಬ್ಬರು ಎದ್ದು ಹೋದಾಗಲೂ ಕುರ್ಚಿ ಖಾಲಿಯಾದ ಆ ಕ್ಷಣದಲ್ಲಿ ಏನೋ ಒಂದು ತಣ್ಣಗೆ ಮುಟ್ಟಿ ಹೋಗುತ್ತಿತ್ತು. ದೂರದಲ್ಲಿ ಬ್ಯಾಂಕಿನವರ ಮೇಜಿನ ಮುಂದೆ ಉದ್ದನೆಯ ಹುಡುಗ ಕೈ ಎತ್ತಿ ಟ್ಯಾಂಕು ತೋರಿಸುತ್ತಿದ್ದ, ಕೋಟಿನವರು ನಗುತ್ತಿದ್ದರು. ಅವಳೂ ಇಲ್ಲಿಂದಲೇ ನಕ್ಕಳು. ಅವನು ಈ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ಸಾಲು ಕರಗಿದ ಮೇಲೆ ಒಬ್ಬ ಹುಡುಗಿ ಬಂದು ಕೂತಳು. ಕತ್ತರಿಸಿದ ಕೂದಲು, ಚೀಲವನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ನಾನು ಸುಳ್ಳು ಹೇಳಲ್ಲ ಮೇಡಂ. ನಾವೆಲ್ಲ ಪ್ರಾಕ್ಟೀಸಿಗೆ ಬರ್ತಿದೀವಿ. ನಿಮಗೆ ಗೊತ್ತಾಗಿದೆ ಅಲ್ವಾ?"

ದನಿ ಕೇಳಿದ ಕೂಡಲೇ ಫೋನಕ್ಕನಿಗೆ ಗೊತ್ತಾಯಿತು. ಕಂಬದ ಆಚೆಯ 'ಪಾಪ' ಇವಳದೇ. ಕೇಳಿದ ದನಿಯನ್ನು ಅವಳು ಮರೆಯುವುದಿಲ್ಲ.

"ಗೊತ್ತಮ್ಮ. ನೀನೇ ಕಳಿಸ್ತಿದ್ದೆ."

ಹುಡುಗಿಯ ಮುಖ ಕೆಂಪಾಯಿತು. ಎದ್ದು ಹೋಗುತ್ತಾಳೆ ಅಂದುಕೊಂಡರೆ ಹೋಗಲಿಲ್ಲ. ಕೇಳಿದಳು: "ಪ್ರಶ್ನೆ ಕೇಳಬೇಕು ಅಂತ ನೀವು ಎಲ್ಲರಿಗೂ ಹೇಳಿದ್ರಂತೆ. ಹಾಗಾದ್ರೆ ನಾನು ನಿಮ್ಮನ್ನೇ ಕೇಳ್ತೀನಿ. ನೀವು ಅಲ್ಲಿ ಏನು ಕೆಲಸ ಮಾಡ್ತೀರ?"

ಇಡೀ ದಿನದಲ್ಲಿ ಯಾರೂ ಕೇಳಿರಲಿಲ್ಲ. ಫೋನಕ್ಕ ಹೇಳಿದಳು. ಗುಂಡಿ, ಕತ್ತಲು, ಮೆಕ್ಯಾನಿಕ್ ಬರುವ ತನಕದ ಮಾತು. ಹುಡುಗಿ ಚೀಲ ಕೆಳಗಿಟ್ಟು ಕೇಳಿದಳು. ಕೇಳುವವರು ಸಿಕ್ಕರೆ ಮಾತು ಎಲ್ಲಿಂದಲೋ ಬರುತ್ತದೆ. ಒಂದು ಸಲ ಒಬ್ಬ ಮುದುಕರು ಸಿಕ್ಕಿಕೊಂಡಿದ್ದರು, ಹಾಡು ಹೇಳ್ತೀನಿ ಕೇಳ್ತೀಯೇನಮ್ಮ ಅಂತ ಕೇಳಿ ಶುರುಮಾಡಿದರು, ಎಷ್ಟು ಚೆನ್ನಾಗಿ ಹೇಳಿದರು ಅಂದರೆ ಆಫೀಸಿನವರೆಲ್ಲ ಬಂದು ಸ್ಪೀಕರಿನ ಸುತ್ತ ನಿಂತಿದ್ದರು ಅಂತ ಹೇಳಿದಳು.

"ಆಮೇಲೆ?"

"ಆಮೇಲೇನು, ಮೆಕ್ಯಾನಿಕ್ ಬಂದ, ಬಾಗಿಲು ತೆಗೆದ. ಹಾಡು ಅರ್ಧಕ್ಕೇ ನಿಂತೋಯ್ತು. ಎಲ್ಲರೂ ಅಷ್ಟೇ. ಬಾಗಿಲು ತೆರೆದ ಸದ್ದು ಬಂದ ಕೂಡಲೇ ಹೊರಟುಬಿಡ್ತಾರೆ. ಒಳ್ಳೇದೇ ತಾನೆ, ಹೊರಗೆ ಬರ್ಲಿ ಅಂತಲೇ ನಾವಿರೋದು. ಬಾಗಿಲು ತೆರೆದ ಮೇಲೂ ಗೋಡೆ ಜೊತೆ ಮಾತಾಡ್ತಾ ಯಾರು ನಿಂತಿರ್ತಾರೆ?"

"ನಿಮಗೆ ಬೇಜಾರಾಗಲ್ವಾ?"

ಇಲ್ಲ ಅನ್ನಲು ಅವಳ ನಾಲಿಗೆ ತಯಾರಾಗೇ ಇತ್ತು. ಮಾಲೀಕರು ಕೇಳಿದರೆ, ಊರಿನ ಆಚೆ ತುದಿಯಲ್ಲಿದ್ದ ತಮ್ಮ ಕೇಳಿದರೆ, ಕೆಳಮನೆಯವರು ಕೇಳಿದರೆ ಹೇಳುವ 'ಇಲ್ಲಪ್ಪ, ಅಭ್ಯಾಸ ಆಗಿದೆ'. ಬೆಳಗಿನಿಂದ ಮಕ್ಕಳಿಗೆಲ್ಲ ನಿಂದು ಹೇಳು, ನಿಂದು ಹೇಳು ಅಂತ ಬಡಕೊಂಡಿದ್ದಳಲ್ಲ. ಬಟ್ಟಲನ್ನು ಮೇಜಿನ ಒಂದು ಬದಿಗೆ ಸರಿಸಿದಳು. ಹುಡುಗಿ ಕಾದಳು.

"ಆಗುತ್ತೆ," ಅಂದಳು ಕಡೆಗೆ. "ತುಂಬಾ ಆಗುತ್ತೆ."

"ಮನೇಲಿ ಯಾರಿದಾರೆ ಮೇಡಂ?"

"ಯಾರಿಲ್ಲ. ತಮ್ಮ ಇದಾನೆ, ಈ ಊರಲ್ಲೇ. ಎರಡು ಬಸ್ಸು ಬದಲಾಯಿಸ್ಬೇಕು."

"ಹೋಗ್ತಿರ್ತೀರಾ?"

"ಅವನು ಫೋನ್ ಮಾಡಿದಾಗೆಲ್ಲ ಬಾರಕ್ಕ, ಬಾರಕ್ಕ ಅಂತಾನೆ. ಯಾವತ್ತು ಅಂತ ಹೇಳಲ್ಲ. ನಾನೂ ಕೇಳಲ್ಲ. ಅವಂದೂ ಸಂಸಾರ, ಮಧ್ಯೆ ನಾನು..."

"ಕೇಳ್ಬಹುದಲ್ಲ ಮೇಡಂ. ನೀವು ಕೇಳಿದ್ರೆ ತಾನೆ..."

ಅಷ್ಟರಲ್ಲಿ ಯಾರೋ ದೂರದಿಂದ ಕೈ ಬೀಸಿ ಕೂಗಿದರು. ಬ್ಯಾಂಕಿನವರು ಕರೆಯುತ್ತಿದ್ದರು. ಹುಡುಗಿ ಗಡಬಡಿಸಿ ಎದ್ದಳು, ಚೀಲ ಹೆಗಲಿಗೇರಿಸಿದಳು, "ಬರ್ತೀನಿ ಮೇಡಂ" ಅನ್ನುವುದು ಪೂರ್ತಿ ಆಗುವ ಮೊದಲೇ ಅರ್ಧ ಹಾಲು ದಾಟಿದ್ದಳು. ಅವಳು ಮತ್ತೆ ಬರಲಿಲ್ಲ.

ಸಂಜೆ ಮೇಜು ಎತ್ತಿದರು. ಬಿಸ್ಕತ್ತು ಕಂಪನಿಯವನು ಉಳಿದ ಎರಡು ಪೊಟ್ಟಣ ತಂದು ಅವಳ ಮುಂದಿಟ್ಟು, "ನಿಮ್ಮಲ್ಲಿಗೆ ಹೋಗಿ ಬಂದೋರು ಚೆನ್ನಾಗಿ ಮಾತಾಡಿದ್ರು ನೋಡಿ. ಮೂರು ಜನರನ್ನ ಆರಿಸ್ಕೊಂಡಿದೀನಿ," ಅಂದ. ಫೋನಕ್ಕ ಮಾಲೀಕರಿಗೆ ಫೋನು ಮಾಡಿದಳು.

"ಬಯೋಡೇಟಾ ಒಬ್ಬರೂ ಕೊಡಲಿಲ್ಲ ಸಾರ್."

"ಒಬ್ಬರೂ?" ಅಂದರು. ಆಮೇಲೆ, "ಹೋಗ್ಲಿ ಬಿಡಮ್ಮ. ಪ್ರತಿ ವರ್ಷ ಇದೇ ಗೋಳು. ನಾವು ಹೋಗದಿದ್ರೆ ಆ ಮೇಷ್ಟ್ರು ಬೇಜಾರು ಮಾಡ್ಕೊಳ್ತಾರೆ ಅಂತ ಕಳಿಸೋದು," ಅಂದುಬಿಟ್ಟರು. ಇದನ್ನು ಮೊದಲೇ ಹೇಳಿದ್ದರೆ ಇಸ್ತ್ರಿಯಾದರೂ ಉಳಿಯುತ್ತಿತ್ತು ಅಂದುಕೊಂಡಳು.

ಬಸ್ಸು ನಿಲ್ದಾಣದಲ್ಲಿ ಬ್ಯಾನರನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಳು. ಮನೆಯ ಕಡೆಯ ಬಸ್ಸು ಬಂತು. ಬಾಗಿಲು ತೆರೆದುಕೊಂಡಿತು. ಮೂರನೇ ಮಹಡಿಯ ಬೀಗ, ಬೆಳಿಗ್ಗೆ ಮುಚ್ಚಿಟ್ಟು ಬಂದ ಅನ್ನ, ಕಿಟಕಿಯ ಪಕ್ಕದ ತಾಯಿಯ ಮಂಚ, ಎಲ್ಲ ಕಣ್ಣ ಮುಂದೆ ಬಂದವು. ಕಂಡಕ್ಟರು "ಹತ್ತಮ್ಮ" ಅಂದ. ಅವಳು ಇಲ್ಲ ಅಂತ ತಲೆ ಆಡಿಸಿದಳು. ಬಸ್ಸು ಹೋಯಿತು. ಹೋದ ಮೇಲೆ ಅವಳಿಗೇ ದಿಗಿಲಾಯಿತು. ರಸ್ತೆ ದಾಟಿ ಆಚೆ ಬದಿಯ ನಿಲ್ದಾಣಕ್ಕೆ ಹೋದಳು.

ತಮ್ಮನ ಮನೆಯ ಬಾಗಿಲು ತೆಗೆದದ್ದು ತಮ್ಮನ ಹೆಂಡತಿ. ಹಿಟ್ಟಿನ ಕೈ. ಇವಳನ್ನು ನೋಡಿ ಆಕೆಯ ಮುಖದ ಬಣ್ಣ ಇಳಿಯಿತು. "ಏನಾಯ್ತಕ್ಕ?" ಅಂದಳು. ಒಳಗಿನಿಂದ ತಮ್ಮ ಬನಿಯನ್ನಿನಲ್ಲೇ ಓಡಿ ಬಂದ.

"ಏನಕ್ಕ, ಹುಷಾರಿಲ್ವಾ? ಫೋನಾದ್ರೂ ಮಾಡಬಾರ್ದಾ?"

"ಹುಷಾರಾಗಿದೀನಿ ಕಣೋ."

"ಮತ್ತೆ? ಕೆಲಸ ಏನಾದ್ರೂ..."

"ಕೆಲಸನೂ ಇದೆ. ಏನೂ ಆಗಿಲ್ಲ. ಮನೆಗೆ ಹೋಗೋಕೆ ಮನಸ್ಸಾಗಲಿಲ್ಲ, ಬಂದೆ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಸಾವೋ ನೋವೋ ಆಗಿದ್ದರೆ ಏನು ಮಾಡಬೇಕು ಅಂತ ಅವರಿಗೆ ಗೊತ್ತಿತ್ತು. ಇದಕ್ಕೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. "ಬಾ ಬಾ, ಒಳಗೆ ಬಾ," ಅಂತ ತಮ್ಮ ಸೋಫಾದ ಮೇಲಿದ್ದ ಬಟ್ಟೆಯ ರಾಶಿಯನ್ನು ಎರಡು ತೋಳಲ್ಲಿ ಬಾಚಿ ಎತ್ತಿಕೊಂಡು, ಅದನ್ನು ಎಲ್ಲಿ ಇಡಬೇಕೋ ತಿಳಿಯದೆ ಹಾಗೇ ನಿಂತ. ತಮ್ಮನ ಹೆಂಡತಿ ಟೀ ಮಾಡಿದಳು. ಟಿವಿ ಓಡುತ್ತಿತ್ತು, ಯಾರೂ ನೋಡುತ್ತಿರಲಿಲ್ಲ. ಫೋನಕ್ಕ ಮೇಳದ ಸುದ್ದಿ ಹೇಳಿದಳು. ಹುಡುಗ ಬಯೋಡೇಟಾ ಕಿತ್ತುಕೊಂಡು ಓಡಿದ್ದನ್ನು ಹೇಳಿದಾಗ ಇಬ್ಬರೂ ನಕ್ಕರು. 'ಪಾಪ'ದ ಮಾತು ಹೇಳಲಿಲ್ಲ. ಆಮೇಲೆ ಮಾತು ತೀರಿತು. ತಮ್ಮ ಎರಡು ಸಲ ಗಡಿಯಾರ ನೋಡಿದ. ನಾಳೆ ಅವನಿಗೆ ಬೆಳಗಿನ ಪಾಳಿ ಅಂತ ಅವಳಿಗೆ ಆಮೇಲೆ ತಿಳಿಯಿತು.

ಬಸ್ಸಿನ ತನಕ ಬಿಡಲು ಅವನೂ ಬಂದ. ಬ್ಯಾನರನ್ನು ಅವನೇ ಹೊತ್ತಿದ್ದ. ಚಿಕ್ಕವನಿದ್ದಾಗ ಇವನನ್ನು ಶಾಲೆಗೆ ಕೈಹಿಡಿದು ಕರೆದೊಯ್ಯುತ್ತಿದ್ದವಳು ಅವಳೇ. ಈಗ ಅವನ ತಲೆಯಲ್ಲಿ ಅಲ್ಲಲ್ಲಿ ಬಿಳಿ. ಬಸ್ಸು ತಿರುವಿನಲ್ಲಿ ಕಂಡಾಗ ಅವನೆಂದ: "ಬರ್ತಿರು ಅಕ್ಕ."

"ಯಾವತ್ತು ಬರ್ಲಿ?"

ತಮ್ಮ ಅವಳ ಮುಖ ನೋಡಿದ. ಆ ಪ್ರಶ್ನೆ ಅವನು ನಿರೀಕ್ಷಿಸಿರಲಿಲ್ಲ. ಕೇಳಬಾರದಿತ್ತು ಅನ್ನಿಸಿತು ಅವಳಿಗೆ. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಕಾದಳು.

"ಭಾನುವಾರ ಬಾ," ಅಂದ. "ಊಟಕ್ಕೇ ಬಾ."

ಮೇಳದಿಂದ ಕಂಪನಿಗೆ ಏನೂ ಸಿಗಲಿಲ್ಲ ಅನ್ನುವ ಹಾಗಿಲ್ಲ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಇಬ್ಬರು ಹುಡುಗರು ಆಫೀಸು ಹುಡುಕಿಕೊಂಡು ಬಂದರು. ಬೇರೆಲ್ಲೂ ಆಗಲಿಲ್ಲ, ಅದಕ್ಕೆ ಬಂದೆವು ಅಂತ ಅವರೇ ಹೇಳಿದರು. ಫೋನಕ್ಕನಿಗೆ ಅದರಲ್ಲಿ ಬೇಸರವೇನೂ ಕಾಣಲಿಲ್ಲ. ಒಬ್ಬ ಕೆಲವು ತಿಂಗಳಿದ್ದು ಒಳ್ಳೆಯ ಕಡೆ ಸಿಕ್ಕಿತು ಅಂತ ಹೋದ. ಇನ್ನೊಬ್ಬ ಉಳಿದ, ಅವನಿಗೆ ಯಂತ್ರವೆಂದರೆ ನಿಜವಾಗಿಯೂ ಪ್ರೀತಿ. ಉದ್ದನೆಯ ಹುಡುಗ ಎಲ್ಲಿಗೆ ಸೇರಿದ, ಆ ಹುಡುಗಿ ಏನಾದಳು, ಅವಳಿಗೆ ಗೊತ್ತಾಗಲಿಲ್ಲ. ಅವರ ಹೆಸರು ಕೇಳಿಟ್ಟುಕೊಳ್ಳುವುದು ಅವಳಿಗೇ ಮರೆತಿತ್ತು.

ಮೇಳ ಮುಗಿದ ವಾರವೇ, ತಮ್ಮ ಕರೆದಿದ್ದ ಆ ಭಾನುವಾರ, ಅವಳು ಅವನ ಮನೆಗೆ ಹೋದಾಗ ತಮ್ಮ ಇರಲಿಲ್ಲ, ಯಾರದೋ ಬದಲಿಗೆ ಕೆಲಸಕ್ಕೆ ಹೋಗಬೇಕಾಗಿ ಬಂದಿತ್ತು. ತಮ್ಮನ ಹೆಂಡತಿ ಒಬ್ಬಳೇ ಬಟಾಣಿ ಸುಲಿಯುತ್ತ ಕೂತಿದ್ದಳು. ಬಂದವಳು ಹಾಗೇ ವಾಪಸು ಹೋಗುವುದು ಹೇಗೆ ಅಂತ ಫೋನಕ್ಕ ಎದುರಿಗೆ ಕೂತು ತಾನೂ ಸುಲಿಯತೊಡಗಿದಳು. ಇಬ್ಬರಿಗೂ ಹೇಳಿಕೊಳ್ಳುವಂಥ ಮಾತೇನೂ ಇರಲಿಲ್ಲ. ಬಟಾಣಿ ಎಳೆಯದು, ಈ ಸಲ ಚೆನ್ನಾಗಿದೆ ಅಂತ ಒಬ್ಬಳು ಅಂದಳು. ಹೌದು ಅಂತ ಇನ್ನೊಬ್ಬಳು ಅಂದಳು. ಮಧ್ಯಾಹ್ನ ಉಂಡು, ಪಾತ್ರೆ ತೊಳೆದುಕೊಟ್ಟು ಹೊರಟಳು.

ಸೋಮವಾರ ಬೆಳಿಗ್ಗೆ ಮೊದಲ ಕರೆ ಬಂದಾಗ ಹಲೋ ಅಂದಳು, ಕೆಮ್ಮಿ ಸರಿಮಾಡಿಕೊಳ್ಳಬೇಕಾಗಲಿಲ್ಲ. ಯಾರೋ ಹೆಂಗಸು, ಕೈಯಲ್ಲಿ ಮಗು, ಲಿಫ್ಟು ನಿಂತುಬಿಟ್ಟಿದೆ ಅಂತ ಅಳುತ್ತಿದ್ದಳು. "ನಾನು ಇಲ್ಲೇ ಇದೀನಿ ತಾಯಿ," ಅಂತ ಫೋನಕ್ಕ ಶುರುಮಾಡಿದಳು, ಇನ್ನೊಂದು ಕೈಯಲ್ಲಿ ಮೆಕ್ಯಾನಿಕ್ಕಿಗೆ ಸನ್ನೆ ಮಾಡುತ್ತ.